ಸೂರ್ಯ ಸುತ್ತೋದು ಕಣ್ಣಿಗೇ ಕಾಣುತ್ತಲ್ಲ, ಮತ್ತೆ ಕಣ್ಣನ್ನು ನಂಬೋದಾ ಬೇಡ್ವಾ?

ಪ್ರಶ್ನೆ: ನನ್ನ ಮಗಳು ಎಂಟನೇ ತರಗತಿ. ಗಮನಿಸುವುದೇ ವಿಜ್ಞಾನದ ಮೊದಲ ಹೆಜ್ಜೆ ಅಂತ ಪಾಠದಲ್ಲಿ ಓದಿದಳು. ಆಮೇಲೆ ನನ್ನನ್ನು ಕೇಳಿದಳು: "ಅಪ್ಪಾ, ಗಮನಿಸಿದ್ರೆ ಸೂರ್ಯನೇ ಸುತ್ತುತ್ತಾನೆ. ಪುಸ್ತಕ ನೋಡಿದ್ರೆ ಭೂಮಿ ಸುತ್ತುತ್ತೆ ಅನ್ನುತ್ತೆ. ನಾನು ಕಣ್ಣನ್ನು ನಂಬ್ಲಾ, ಪುಸ್ತಕಾನಾ?" ನನಗೆ ಉತ್ತರ ಹೊಳೆಯಲಿಲ್ಲ. ಪ್ರಪಂಚವನ್ನು ತಿಳಿದುಕೊಳ್ಳುವುದರಲ್ಲಿ ನೋಟದ ಪಾಲು ನಿಜವಾಗಿ ಎಷ್ಟು? ಕಣ್ಣು ಮೋಸ ಮಾಡುತ್ತದೆ ಅಂದಮೇಲೆ ಅದರ ಮೇಲೆ ಇಷ್ಟೆಲ್ಲ ಕಟ್ಟಿದ್ದು ಹೇಗೆ? ಗಮನಿಸುವುದನ್ನು ಮಕ್ಕಳಿಗೆ ಕಲಿಸಲು ಬರುತ್ತದಾ?

ಉತ್ತರ: ನಿಮ್ಮ ಮಗಳು ಎರಡು ಗಾದೆಗಳ ನಡುವೆ ಸಿಕ್ಕಿಕೊಂಡಿದ್ದಾಳೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುವುದು ಒಂದು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುವುದು ಇನ್ನೊಂದು. ಎರಡನ್ನೂ ನಾವು ಒಂದೇ ಬಾಯಲ್ಲಿ ಹೇಳುತ್ತೇವೆ. ನಾನು ಭೌತಶಾಸ್ತ್ರದ ಲ್ಯಾಬಿನಲ್ಲಿ ಬಹಳ ವರ್ಷ ಪಾಠ ಮಾಡಿದವನು. ಇಂಥ ಪ್ರಶ್ನೆ ಕೇಳುವ ಮಕ್ಕಳ ಬಗ್ಗೆ ನನಗೆ ಯಾವತ್ತೂ ಚಿಂತೆ ಆಗಿಲ್ಲ. ಭೂಮಿ ಸುತ್ತುತ್ತದೆ ಅಂದರೂ ಬರೆದುಕೊಳ್ಳುವ, ಸೂರ್ಯ ಸುತ್ತುತ್ತಾನೆ ಅಂದರೂ ಬರೆದುಕೊಳ್ಳುವ ಮಕ್ಕಳ ಬಗ್ಗೆಯೇ ಜಾಸ್ತಿ ಚಿಂತೆ.

ಮೊದಲು ಸೂರ್ಯನ ವಿಷಯ ಮುಗಿಸೋಣ. ಬೆಳಿಗ್ಗೆ ಅವಳ ಕಣ್ಣಿಗೆ ಕಂಡದ್ದು ಏನು? ಸೂರ್ಯನಿಗೂ ದಿಗಂತಕ್ಕೂ ನಡುವಿನ ಅಂತರ ಹೆಚ್ಚುತ್ತಾ ಹೋಯಿತು, ಅಷ್ಟೇ. ಅದು ನೂರಕ್ಕೆ ನೂರು ನಿಜ. "ಸೂರ್ಯ ಮೇಲೆ ಬಂದ" ಅನ್ನುವುದು ಆಮೇಲೆ ಮನಸ್ಸು ಸೇರಿಸಿದ ಮಾತು. ನಿಂತ ರೈಲಿನಲ್ಲಿ ಕೂತಿರುವಾಗ ಪಕ್ಕದ ರೈಲು ಹೊರಟರೆ ನಮ್ಮದೇ ಹೊರಟಿತು ಅನ್ನಿಸುತ್ತದಲ್ಲ, ಹಾಗೆ. ಅಂತರ ಬದಲಾದದ್ದು ಕಣ್ಣಿಗೆ ಸರಿಯಾಗಿಯೇ ಕಂಡಿದೆ. ಯಾವುದು ಚಲಿಸಿತು ಅನ್ನುವುದು ಮಾತ್ರ ಆ ನೋಟದಲ್ಲಿ ಇರಲೇ ಇಲ್ಲ.

ಈಗ ಅವಳನ್ನು ಒಂದು ಮಾತು ಕೇಳಿ. ಒಂದು ವೇಳೆ ಭೂಮಿಯೇ ತಿರುಗುತ್ತಿದ್ದರೆ ಬೆಳಗಿನ ಆಕಾಶ ಹೇಗೆ ಕಾಣಬೇಕಿತ್ತು? ಸ್ವಲ್ಪ ಯೋಚಿಸಿದರೆ ಅವಳಿಗೇ ಗೊತ್ತಾಗುತ್ತದೆ: ಈಗ ಕಾಣುತ್ತಿರುವ ಹಾಗೆಯೇ. ಅಂದರೆ ಸೂರ್ಯೋದಯವನ್ನು ಸಾವಿರ ಸಲ ನೋಡಿದರೂ ಈ ಜಗಳ ಬಗೆಹರಿಯುವುದಿಲ್ಲ. ಎರಡು ಕಥೆಗಳೂ ಒಂದೇ ನೋಟವನ್ನು ಹೇಳುತ್ತಿವೆ. ಜಗಳ ಬಿಡಿಸಬೇಕಾದರೆ ಎರಡೂ ಕಥೆಗಳು ಬೇರೆ ಬೇರೆ ಉತ್ತರ ಕೊಡುವ ಜಾಗವನ್ನು ಹುಡುಕಿಕೊಂಡು ಹೋಗಿ ಅಲ್ಲಿ ನೋಡಬೇಕು.

1851ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಲಿಯೋನ್ ಫೂಕೊ ಮಾಡಿದ್ದು ಅದನ್ನೇ. ಪ್ಯಾರಿಸ್ಸಿನ ಪ್ಯಾಂಥಿಯನ್ ಕಟ್ಟಡದ ಗುಮ್ಮಟದಿಂದ 67 ಮೀಟರ್ ಉದ್ದದ ತಂತಿ ಇಳಿಬಿಟ್ಟರು. ತುದಿಗೆ 28 ಕಿಲೊ ತೂಕದ ಗುಂಡು. ಗುಂಡಿನ ಕೆಳಗೆ ಒಂದು ಮೊನೆ, ನೆಲದ ಮೇಲೆ ಮರಳು. ಗುಂಡು ಓಲಾಡುವಾಗ ಮೊನೆ ಮರಳಿನಲ್ಲಿ ಗೀರು ಹಾಕುತ್ತಿತ್ತು. ಪ್ರತಿ ಸಲ ಬಂದಾಗಲೂ ಗೀರು ಸ್ವಲ್ಪ ಪಕ್ಕಕ್ಕೆ ಬೀಳುತ್ತಿತ್ತು. ಗಂಟೆಗೆ ಸುಮಾರು 11 ಡಿಗ್ರಿಯಂತೆ ಓಲಾಟದ ದಿಕ್ಕೇ ತಿರುಗುತ್ತಾ ಹೋಯಿತು. ಗುಂಡನ್ನು ಪಕ್ಕಕ್ಕೆ ತಳ್ಳುವವರು ಯಾರೂ ಇರಲಿಲ್ಲ. ತಿರುಗುತ್ತಿದ್ದದ್ದು ಅದರ ಕೆಳಗಿನ ನೆಲ. ಹಾಗಾಗಿ ಮಗಳಿಗೆ ಹೇಳಿ: ಕಣ್ಣನ್ನು ಬಿಟ್ಟು ಪುಸ್ತಕವನ್ನು ನಂಬು ಅಂತ ಯಾರೂ ಹೇಳುತ್ತಿಲ್ಲ. ಆ ಪುಸ್ತಕದ ಸಾಲಿನ ಹಿಂದೆಯೂ ಕಣ್ಣೇ ಇದೆ, ಬೇರೆ ಕಡೆ ನೋಡಿದ ಕಣ್ಣು.

ಕನ್ನಡದಲ್ಲಿ ಒಂದು ಅನುಕೂಲ ಇದೆ. ನಮ್ಮಲ್ಲಿ ಕಾಣುವುದು ಬೇರೆ, ನೋಡುವುದು ಬೇರೆ. "ನನಗೆ ಕಾಣಿಸಿತು" ಅಂತೀವಿ. ಅದು ತಾನಾಗಿ ಬಂದು ಕಣ್ಣಿಗೆ ಬಿದ್ದದ್ದು. "ನಾನು ನೋಡಿದೆ" ಅಂದರೆ ನಾನೇ ಮಾಡಿದ ಕೆಲಸ. ಇನ್ನೂ ಒಂದು ಮೆಟ್ಟಿಲು ಇದೆ: ತಿಂದು ನೋಡು, ಕೇಳಿ ನೋಡು, ಮಾಡಿ ನೋಡು. ಇಲ್ಲಿ ನೋಡುವುದು ಅಂದರೆ ಪರೀಕ್ಷೆ ಮಾಡುವುದು. ಪ್ರಯೋಗ ಅನ್ನುವ ದೊಡ್ಡ ಪದ ಇಲ್ಲದೆಯೇ ನಮ್ಮ ಅಜ್ಜಿಯರು "ಮಾಡಿ ನೋಡು" ಅಂದುಬಿಟ್ಟಿದ್ದಾರೆ. ಪಠ್ಯಪುಸ್ತಕ ಈ ಮೂರನ್ನೂ ಒಟ್ಟಿಗೆ ಕಟ್ಟಿ "ಅವಲೋಕನ" ಅಂತ ಹೆಸರಿಟ್ಟಿದೆ. ಗೊಂದಲ ಶುರುವಾಗುವುದೇ ಅಲ್ಲಿಂದ.

ಬರೀ ಕಂಡರೆ ಸಾಲದು ಅನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಗೆಲಿಲಿಯೊ ಅವರದು. 1612ರ ಡಿಸೆಂಬರ್ ಕೊನೆಯಲ್ಲಿ ಅವರು ಗುರುಗ್ರಹದ ಉಪಗ್ರಹಗಳನ್ನು ನೋಡುತ್ತಿದ್ದರು. ಪಕ್ಕದಲ್ಲಿ ಒಂದು ಮಂಕು ಚುಕ್ಕೆ. ನಕ್ಷತ್ರ ಅಂತ ಗುರುತು ಹಾಕಿದರು. 1613ರ ಜನವರಿಯಲ್ಲಿ ಮತ್ತೆ ಅದೇ ಚುಕ್ಕೆ ಕಾಣಿಸಿತು. ಪಕ್ಕದ ನಕ್ಷತ್ರಕ್ಕೂ ಅದಕ್ಕೂ ನಡುವಿನ ಅಂತರ ಹಿಂದಿನ ರಾತ್ರಿ ಜಾಸ್ತಿ ಇದ್ದಂತಿತ್ತು ಅಂತಲೂ ಬರೆದಿಟ್ಟರು. ನಕ್ಷತ್ರಗಳು ಒಂದೇ ರಾತ್ರಿಯಲ್ಲಿ ಹಾಗೆ ಜರುಗುವುದಿಲ್ಲ. ಅದು ನಕ್ಷತ್ರವೂ ಆಗಿರಲಿಲ್ಲ. ನೆಪ್ಚೂನ್ ಗ್ರಹ! ಅದು ಗ್ರಹ ಅಂತ ಜಗತ್ತಿಗೆ ಗೊತ್ತಾದದ್ದು 1846ರ ಸೆಪ್ಟೆಂಬರ್ 23ರಂದು, ಅಂದರೆ 233 ವರ್ಷಗಳ ನಂತರ. ದೂರದರ್ಶಕ ಇತ್ತು, ಕಣ್ಣು ಚುರುಕಾಗಿತ್ತು, ಜರುಗಿದ್ದೂ ಕಂಡಿತ್ತು. ಆದರೆ ಆ ರಾತ್ರಿ ಅವರು ಕೇಳುತ್ತಿದ್ದ ಪ್ರಶ್ನೆ ಗುರುವಿನ ಬಗ್ಗೆ. ಚುಕ್ಕೆಯ ಬಗ್ಗೆ ಯಾರೂ ಏನೂ ಕೇಳಿರಲಿಲ್ಲ.

ಗೆಲಿಲಿಯೊ ಅವರಿಗೆ ಒಂದು ಚುಕ್ಕೆ ತಪ್ಪಿತು. ಚಾರ್ಲ್ಸ್ ಡಾರ್ವಿನ್ ಅವರಿಗೆ ಇಡೀ ಕಣಿವೆಯೇ ತಪ್ಪಿತ್ತು. 1831ರ ಆಗಸ್ಟ್‌ನಲ್ಲಿ, ಬೀಗಲ್ ಹಡಗಿನಲ್ಲಿ ಲೋಕ ಸುತ್ತಲು ಹೊರಡುವ ಕೆಲವು ತಿಂಗಳ ಮೊದಲು, ಅವರು ಭೂವಿಜ್ಞಾನಿ ಆಡಮ್ ಸೆಜ್‌ವಿಕ್ ಜೊತೆ ವೇಲ್ಸ್‌ನ ಕ್ವಮ್ ಇಡ್ವಾಲ್ ಎಂಬ ಕಣಿವೆಗೆ ಹೋದರು. ಇಬ್ಬರೂ ಗಂಟೆಗಟ್ಟಲೆ ಬಂಡೆಗಳನ್ನು ಪರೀಕ್ಷಿಸಿದರು. ಅವರು ಹುಡುಕುತ್ತಿದ್ದದ್ದು ಪಳೆಯುಳಿಕೆ. ಅದೇ ಬಂಡೆಗಳ ಮೇಲೆ ಗೀರುಗಳಿದ್ದವು. ದೊಡ್ಡ ಗುಂಡುಕಲ್ಲುಗಳು ಯಾರೋ ತಂದಿಟ್ಟ ಹಾಗೆ ಎತ್ತರದಲ್ಲಿ ಕೂತಿದ್ದವು. ಕಲ್ಲುಮಣ್ಣಿನ ದಿಬ್ಬಗಳು ಸಾಲಾಗಿ ಬಿದ್ದಿದ್ದವು. ಒಂದು ಕಾಲದಲ್ಲಿ ಹಿಮನದಿ ಆ ಕಣಿವೆಯನ್ನು ಉಜ್ಜಿಕೊಂಡು ಹೋದ ಗುರುತುಗಳು ಅವು. ಇಬ್ಬರಿಗೂ ಒಂದೂ ಕಾಣಲಿಲ್ಲ. ಅಂಥ ಜಾಗದಲ್ಲಿ ಹಿಮನದಿ ಇದ್ದೀತು ಅನ್ನುವ ಯೋಚನೆಯೇ ಆಗ ಇರಲಿಲ್ಲ. ಡಾರ್ವಿನ್ ವಯಸ್ಸಾದ ಮೇಲೆ ಆತ್ಮಕಥೆಯಲ್ಲಿ ಇದನ್ನು ತಾವೇ ಒಪ್ಪಿಕೊಂಡಿದ್ದಾರೆ. ಬೆಂಕಿಗೆ ಬಿದ್ದ ಮನೆ ಕೂಡ ತನ್ನ ಕಥೆಯನ್ನು ಆ ಕಣಿವೆಯಷ್ಟು ಸ್ಪಷ್ಟವಾಗಿ ಹೇಳಲಾರದು ಅನ್ನುವ ಅರ್ಥದ ಮಾತು ಅಲ್ಲಿದೆ. ದಡ್ಡರಿಗೆ ಕಾಣದೆ ಹೋದ ಕಥೆಯಾಗಿದ್ದರೆ ನಾನು ಇಲ್ಲಿ ಹೇಳುತ್ತಲೇ ಇರಲಿಲ್ಲ.

"ಮೊದಲು ಸುಮ್ನೆ ನೋಡು, ಯಾವ ಊಹೆಯನ್ನೂ ಮಾಡಬೇಡ, ಕೊನೆಗೆ ಸತ್ಯ ತಾನಾಗಿ ಹೊರಬರುತ್ತೆ" ಅಂತ ಹಲವರು ಬೋಧಿಸುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಹಾಗೆ ಯಾರೂ ಏನನ್ನೂ ಕಂಡುಹಿಡಿದಿಲ್ಲ ಅನ್ನುವುದು ನನ್ನ ಅನಿಸಿಕೆ. ಡಾರ್ವಿನ್ 1861ರ ಒಂದು ಪತ್ರದಲ್ಲಿ ಇದನ್ನೇ ಗೇಲಿ ಮಾಡಿದ್ದಾರೆ. ಊಹೆ ಮಾಡದೆ ಬರೀ ನೋಡಬೇಕು ಅನ್ನುವುದಾದರೆ ಜಲ್ಲಿಕಲ್ಲಿನ ಗುಂಡಿಗೆ ಇಳಿದು ಕಲ್ಲುಗಳನ್ನು ಎಣಿಸಿ, ಒಂದೊಂದರ ಬಣ್ಣ ಬರೆಯುತ್ತಾ ಕೂರಬಹುದು ಅಂತ ಯಾರೋ ಹೇಳಿದ್ದನ್ನು ನೆನಪು ಮಾಡಿಕೊಳ್ಳುತ್ತಾರೆ. ನೋಟ ಯಾವುದೋ ಒಂದು ಅಭಿಪ್ರಾಯದ ಪರವಾಗಿಯೋ ವಿರುದ್ಧವಾಗಿಯೋ ಇದ್ದರೆ ಮಾತ್ರ ಅದರಿಂದ ಉಪಯೋಗ ಅನ್ನುವುದು ಅವರ ವಾದ.

ಇಲ್ಲಿ ನೀವು ತಕ್ಷಣ ತಡೆಯಬಹುದು. ಮೊದಲೇ ಅಭಿಪ್ರಾಯ ಇಟ್ಟುಕೊಂಡು ನೋಡಿದರೆ ಬೇಕಾದ್ದೇ ಕಾಣುತ್ತದಲ್ಲ? ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅಂತಾರಲ್ಲ? (ಅಂದಹಾಗೆ, ಕಾಮಾಲೆ ಬಂದವರಿಗೆ ಸಾಮಾನ್ಯವಾಗಿ ಲೋಕವೇನೂ ಹಳದಿಯಾಗಿ ಕಾಣುವುದಿಲ್ಲ. ಅವರ ಕಣ್ಣು ನಮಗೆ ಹಳದಿಯಾಗಿ ಕಾಣುತ್ತದೆ. ರೋಗಿಯನ್ನು ಒಂದು ಮಾತು ಕೇಳಿದ್ದರೆ ಈ ಗಾದೆಯೇ ಹುಟ್ಟುತ್ತಿರಲಿಲ್ಲ.)

ನಿಮ್ಮ ಆಕ್ಷೇಪಣೆ ಸರಿಯಾಗಿದೆ. ಮಂಗಳ ಗ್ರಹದ ಕಾಲುವೆಗಳ ಕಥೆ ಹಾಗೆಯೇ ಆದದ್ದು. 1877ರಲ್ಲಿ ಇಟಲಿಯ ಜಿಯೊವಾನಿ ಸ್ಕಿಯಾಪರೆಲಿ ಮಂಗಳದ ಮೇಲೆ ತೆಳುವಾದ ಗೆರೆಗಳಿವೆ ಅಂದರು. ಅಮೆರಿಕದ ಪರ್ಸಿವಲ್ ಲೊವೆಲ್ ಅದನ್ನು ಹಿಡಿದುಕೊಂಡು, 1894ರಲ್ಲಿ ಸ್ವಂತ ಖರ್ಚಿನಲ್ಲಿ ವೀಕ್ಷಣಾಲಯವನ್ನೇ ಕಟ್ಟಿಸಿದರು. ನೀರಿಗಾಗಿ ಬುದ್ಧಿವಂತ ಜೀವಿಗಳು ತೋಡಿದ ಕಾಲುವೆಗಳಿವು ಅಂತ ನಕ್ಷೆ ಮೇಲೆ ನಕ್ಷೆ ಬರೆದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ಗೆರೆಗಳು ನಿಜವಾಗಿಯೂ ಕಾಣುತ್ತಿದ್ದವು.

1903ರಲ್ಲಿ ಎಡ್ವರ್ಡ್ ಮೌಂಡರ್ ಎಂಬ ಖಗೋಳಜ್ಞರು ಗ್ರೀನಿಚ್‌ನ ಒಂದು ಶಾಲೆಯಲ್ಲಿ ಚಂದದ ಕೆಲಸ ಮಾಡಿದರು. ದುಂಡನೆಯ ಚಿತ್ರದಲ್ಲಿ ಅಲ್ಲಲ್ಲಿ ಚುಕ್ಕೆ, ಕಲೆ ಹಾಕಿ ಕ್ಲಾಸಿನ ಮುಂದೆ ಇಟ್ಟರು. ಕಾಲುವೆಯಂಥ ಗೆರೆ ಒಂದೂ ಇರದ ಚಿತ್ರಗಳೂ ಅದರಲ್ಲಿದ್ದವು. ಕಂಡದ್ದನ್ನು ಹಾಗೇ ಬರೆಯಿರಿ ಅಂತ ಹುಡುಗರಿಗೆ ಹೇಳಿದರು. ಹತ್ತಿರ ಕೂತವರು ಕಲೆಗಳನ್ನು ಬರೆದರು. ಸ್ವಲ್ಪ ದೂರದಲ್ಲಿ ಕೂತ ಹುಡುಗರಲ್ಲಿ ಹಲವರು ನೇರವಾದ ಗೆರೆಗಳನ್ನು ಬರೆದರು. ಆ ಮಕ್ಕಳಿಗೆ ಮಂಗಳದ ಬಗ್ಗೆ ಯಾವ ಹಟವೂ ಇರಲಿಲ್ಲ. ಅಸ್ಪಷ್ಟ ಚುಕ್ಕೆಗಳು ಸಿಕ್ಕರೆ ಅವನ್ನು ಜೋಡಿಸಿ ಗೆರೆ ಮಾಡುವುದು ಕಣ್ಣಿನ ಹುಟ್ಟುಗುಣ. 1965ರಲ್ಲಿ ಮ್ಯಾರಿನರ್ 4 ನೌಕೆ ಮಂಗಳದ ಹತ್ತಿರ ಹಾದುಹೋಗುತ್ತಾ ಫೋಟೊ ಕಳಿಸಿತು. ಕುಳಿಗಳಿದ್ದವು, ಕಾಲುವೆ ಇರಲಿಲ್ಲ.

ಮೌಂಡರ್ ಇಲ್ಲಿ ಏನು ಮಾಡಿದರು ಗಮನಿಸಿ. ಕಣ್ಣು ಮೋಸ ಮಾಡುತ್ತದೆ ಅಂತ ಕೈ ಚೆಲ್ಲಲಿಲ್ಲ. ಎಷ್ಟು ದೂರದಿಂದ, ಯಾವ ರೀತಿ ಮೋಸ ಮಾಡುತ್ತದೆ ಅಂತ ಅದನ್ನೇ ನೋಡಿದರು. ಕಣ್ಣಿನ ತಪ್ಪನ್ನು ಹಿಡಿದದ್ದೂ ನೋಟವೇ.

ಇದೇ ಸಾಲಿನಲ್ಲಿ ಇನ್ನೊಂದು ಘಟನೆ, ಸ್ವಲ್ಪ ಬೇಜಾರಿನದು. 1796ರಲ್ಲಿ ಗ್ರೀನಿಚ್ ವೀಕ್ಷಣಾಲಯದಲ್ಲಿ ಡೇವಿಡ್ ಕಿನ್‌ಬ್ರೂಕ್ ಎಂಬ ಸಹಾಯಕರು ಕೆಲಸ ಕಳೆದುಕೊಂಡರು. ದೂರದರ್ಶಕದೊಳಗೆ ಒಂದು ತಂತಿ. ನಕ್ಷತ್ರ ಆ ತಂತಿಯನ್ನು ದಾಟುವ ಕ್ಷಣವನ್ನು ಗಡಿಯಾರದ ಟಿಕ್ ಟಿಕ್ ಕೇಳುತ್ತಾ ಬರೆದುಕೊಳ್ಳಬೇಕು. ಇವರು ಬರೆದ ಸಮಯ ಮುಖ್ಯಸ್ಥರು ಬರೆದದ್ದಕ್ಕಿಂತ ಸುಮಾರು 0.8 ಸೆಕೆಂಡ್ ತಡ. ಗಮನ ಇಲ್ಲ ಅಂತ ಮನೆಗೆ ಕಳಿಸಿದರು. ಕೆಲವು ದಶಕಗಳ ಮೇಲೆ ಜರ್ಮನಿಯ ಫ್ರೆಡ್ರಿಕ್ ಬೆಸೆಲ್ ಈ ಕಥೆ ಓದಿ, ತಮ್ಮನ್ನೂ ಬೇರೆ ಖಗೋಳಜ್ಞರನ್ನೂ ಹೋಲಿಸಿ ನೋಡಿದರು. ಪಳಗಿದ ವೀಕ್ಷಕರ ನಡುವೆಯೂ ಅಷ್ಟೇ ವ್ಯತ್ಯಾಸ! ಒಬ್ಬೊಬ್ಬರ ಕಣ್ಣು ಕಿವಿಗೆ ಒಂದೊಂದು ತಡ. ತಕ್ಕಡಿಗೆ ಇರುವ ಹಾಗೆ ನೋಡುವವನಿಗೂ ಒಂದು ತೂಕದ ದೋಷ ಇರುತ್ತದೆ. ಅದನ್ನು ಅಳೆದುಕೊಂಡು ಕಳೆದುಬಿಟ್ಟರೆ ಆಯಿತು. ಪಾಪ, ಆ ಸಹಾಯಕರ ಕೆಲಸ ಹೋದದ್ದು ಮಾತ್ರ ಹೋದದ್ದೇ.

ಹಾಗಾದರೆ ನೋಟದ ಪಾಲು ಎಷ್ಟು ಅನ್ನುವ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಊಹೆ ಇಲ್ಲದೆ ಕಾಣುವುದಿಲ್ಲ. ಊಹೆ ಇದ್ದರೆ ಇಲ್ಲದ್ದೂ ಕಾಣುತ್ತದೆ. ಇದರಿಂದ ಪಾರಾಗುವ ದಾರಿ ಒಂದೇ. ನಮ್ಮ ಊಹೆಗೆ "ಇಲ್ಲ" ಅನ್ನುವ ಅಧಿಕಾರವನ್ನು ನೋಟಕ್ಕೆ ಬಿಟ್ಟುಕೊಡಬೇಕು. ಪ್ರಪಂಚ ಹೇಗಿದೆ ಅಂತ ನೋಟ ನೇರವಾಗಿ ಹೇಳುವುದು ಬಹಳ ಕಡಿಮೆ. ನೀನು ಅಂದುಕೊಂಡ ಹಾಗಿಲ್ಲ ಅಂತ ಹೇಳುವುದರಲ್ಲಿ ಮಾತ್ರ ಅದರ ಸಮ ಇಲ್ಲ.

ಜರ್ಮನಿಯ ಖಗೋಳಜ್ಞ ಯೊಹಾನೆಸ್ ಕೆಪ್ಲರ್ ಈ "ಇಲ್ಲ"ವನ್ನು ಕೇಳಿಸಿಕೊಂಡ ರೀತಿ ನೋಡಿ. ಡೆನ್ಮಾರ್ಕಿನ ಟೈಕೊ ಬ್ರಾಹೆ ದೂರದರ್ಶಕ ಬರುವ ಮೊದಲೇ, ಬರಿಗಣ್ಣಿನಿಂದ, ದೊಡ್ಡ ದೊಡ್ಡ ಕೋನಮಾಪಕಗಳನ್ನು ಇಟ್ಟುಕೊಂಡು ಗ್ರಹಗಳ ಜಾಗವನ್ನು ವರ್ಷಗಟ್ಟಲೆ ಬರೆದಿಟ್ಟಿದ್ದರು. 1601ರಲ್ಲಿ ಅವರು ತೀರಿಕೊಂಡ ಮೇಲೆ ಆ ದಾಖಲೆ ಕೆಪ್ಲರ್ ಕೈಗೆ ಬಂತು. ಕೆಪ್ಲರ್ ಮಂಗಳದ ಹಾದಿ ವೃತ್ತ ಅಂದುಕೊಂಡು ವರ್ಷಗಳ ಕಾಲ ಲೆಕ್ಕ ಹಾಕಿದರು. ಕೊನೆಗೆ ಲೆಕ್ಕ ಕೂಡಿಬಂತು ಅನ್ನುವಷ್ಟರಲ್ಲಿ ಕೆಲವು ಜಾಗಗಳಲ್ಲಿ 8 ಕಲೆ ವ್ಯತ್ಯಾಸ ಉಳಿಯಿತು. ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಒಂದು ಭಾಗಕ್ಕೆ ಕಲೆ ಅನ್ನುತ್ತಾರೆ. 8 ಕಲೆ ಅಂದರೆ ಹುಣ್ಣಿಮೆ ಚಂದ್ರನ ಅಗಲದ ಸುಮಾರು ಕಾಲು ಭಾಗ.

ನಾನಾಗಿದ್ದರೆ ಏನು ಮಾಡುತ್ತಿದ್ದೆ? ಗಾಳಿ ಇತ್ತೇನೋ, ಟೈಕೊ ಕೈ ನಡುಗಿತೇನೋ ಅಂದುಕೊಂಡು ಮುಂದೆ ಹೋಗುತ್ತಿದ್ದೆ. ಲ್ಯಾಬಿನಲ್ಲಿ ಉತ್ತರ ಮೊದಲೇ ಗೊತ್ತಿರುವ ಮಕ್ಕಳು ದಿನಾ ಮಾಡುವುದು ಅದನ್ನೇ. ಗುರುತ್ವದ ಬೆಲೆ 9.8 ಬರಬೇಕು, 9.3 ಬಂತು, ಕೊನೆಯ ಎರಡು ರೀಡಿಂಗ್ ರಬ್ಬರ್ ಹಾಕಿ ಅಳಿಸು! ಕೆಪ್ಲರ್ ಅಳಿಸಲಿಲ್ಲ. ಟೈಕೊ ಅಷ್ಟು ದೊಡ್ಡ ತಪ್ಪು ಮಾಡುವವರಲ್ಲ ಅಂತ ಅವರಿಗೆ ಗೊತ್ತಿತ್ತು. ತಮ್ಮ ವರ್ಷಗಳ ಲೆಕ್ಕವನ್ನೇ ಕೆಳಗಿಟ್ಟರು. ವೃತ್ತವನ್ನೇ ಬಿಟ್ಟರು. ಎರಡು ಸಾವಿರ ವರ್ಷ ಯಾರೂ ಕೈಬಿಡದಿದ್ದ ವೃತ್ತ ಅದು. 1609ರಲ್ಲಿ ಮಂಗಳದ ಹಾದಿ ದೀರ್ಘವೃತ್ತ ಅಂತ ಪ್ರಕಟಿಸಿದರು. ಆ 8 ಕಲೆಗಳೇ ಇಡೀ ಖಗೋಳಶಾಸ್ತ್ರವನ್ನು ತಿದ್ದುವ ದಾರಿ ತೋರಿಸಿದವು ಅಂತ ಅವರೇ ಬರೆದುಕೊಂಡಿದ್ದಾರೆ.

ಆದರೆ "ಇಲ್ಲ" ಅನ್ನುವುದನ್ನು ಕೇಳುವಾಗಲೂ ಹುಷಾರಾಗಿರಬೇಕು. ಇದೇ ಟೈಕೊ ಭೂಮಿ ಸೂರ್ಯನನ್ನು ಸುತ್ತುತ್ತದೆ ಅನ್ನುವುದನ್ನು ಒಪ್ಪಲಿಲ್ಲ. ಒಪ್ಪದೆ ಇದ್ದದ್ದೂ ನೋಟದ ಆಧಾರದ ಮೇಲೆಯೇ! ಭೂಮಿ ಸುತ್ತುವುದಾದರೆ ಆರು ತಿಂಗಳಿಗೊಮ್ಮೆ ನಾವು ಬೇರೆ ಜಾಗದಿಂದ ನೋಡುತ್ತೇವೆ. ಹತ್ತಿರದ ನಕ್ಷತ್ರಗಳು ಹಿಂದಿನವುಗಳ ಎದುರು ಸ್ವಲ್ಪ ಜರುಗಿದಂತೆ ಕಾಣಬೇಕು. ಒಂದು ಕಣ್ಣು ಮುಚ್ಚಿ ಬೆರಳು ಹಿಡಿದು, ಆಮೇಲೆ ಇನ್ನೊಂದು ಕಣ್ಣಿನಿಂದ ನೋಡಿದರೆ ಬೆರಳು ಜರುಗುತ್ತದಲ್ಲ, ಹಾಗೆ. ಟೈಕೊ ಹುಡುಕಿದರು. ಏನೂ ಜರುಗಲಿಲ್ಲ. ಭೂಮಿ ನಿಂತಿದೆ ಅಂದರು. ತರ್ಕದಲ್ಲಿ ತಪ್ಪಿಲ್ಲ. ಆದರೆ ಅವರ ಉಪಕರಣ ಹಿಡಿಯಬಲ್ಲದ್ದು ಸುಮಾರು ಒಂದು ಕಲೆಯವರೆಗೆ. ನಿಜವಾದ ಜರುಗುವಿಕೆ ಅದಕ್ಕಿಂತ ಎಷ್ಟೋ ಸಣ್ಣದು. ಕೊನೆಗೆ 1838ರಲ್ಲಿ ಅದನ್ನು ಅಳೆದವರು ಮೇಲೆ ಹೇಳಿದ ಅದೇ ಬೆಸೆಲ್. ಅವರಿಗೆ ಸಿಕ್ಕ ಕೋನ ಒಂದು ಕಲೆಯ ಸುಮಾರು ಇನ್ನೂರನೇ ಒಂದು ಭಾಗ. ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವನ್ನು 16 ಕಿಲೊಮೀಟರ್ ದೂರ ಇಟ್ಟು ನೋಡಿದ ಹಾಗೆ. ಕಾಣಲಿಲ್ಲ ಅನ್ನುವುದಕ್ಕೂ ಇಲ್ಲ ಅನ್ನುವುದಕ್ಕೂ ನಡುವೆ ಅಷ್ಟು ದೂರ ಇತ್ತು.

ಹುಡುಕದೆ ಇದ್ದದ್ದು ಸಿಗುವುದೂ ಉಂಟು. 1967ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಜೋಸೆಲಿನ್ ಬೆಲ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಹೊಸ ರೇಡಿಯೊ ದೂರದರ್ಶಕದ ಚಾರ್ಟುಗಳನ್ನು ನೋಡುತ್ತಿದ್ದರು. ದಿನಕ್ಕೆ ಸುಮಾರು 30 ಮೀಟರ್ ಉದ್ದದ ಕಾಗದ. ಎಲ್ಲವನ್ನೂ ಕಣ್ಣಿನಿಂದಲೇ ನೋಡಬೇಕು. ಅದರಲ್ಲಿ ಅರ್ಧ ಸೆಂಟಿಮೀಟರಿನಷ್ಟು ಜಾಗದಲ್ಲಿ ಒಂದು ಗೀಚು. ಅವರಿಗೆ ಬೇಕಾದ ಸಂಕೇತದ ಹಾಗೂ ಇರಲಿಲ್ಲ, ಕಾರು, ಯಂತ್ರಗಳಿಂದ ಬರುವ ಗದ್ದಲದ ಹಾಗೂ ಇರಲಿಲ್ಲ. ಹಿಂದೆಯೂ ಇಂಥದ್ದು ಕಂಡಿದ್ದೆನಲ್ಲ ಅಂತ ನೆನಪಾಯಿತು. ಹಳೆಯ ಚಾರ್ಟು ತೆಗೆದು ನೋಡಿದರೆ ಆಕಾಶದ ಅದೇ ಭಾಗದಿಂದ ಬಂದಿದೆ. ಕಾಗದವನ್ನು ವೇಗವಾಗಿ ಓಡಿಸಿ ಬಿಡಿಸಿ ನೋಡಿದಾಗ 1.33 ಸೆಕೆಂಡಿಗೊಂದು ಮಿಡಿತ, ಗಡಿಯಾರದ ಹಾಗೆ. ಅದು ಮೊದಲು ಸಿಕ್ಕ ಪಲ್ಸಾರ್, ಅಂದರೆ ಗಿರಗಿರನೆ ತಿರುಗುವ ನ್ಯೂಟ್ರಾನ್ ನಕ್ಷತ್ರ (ಸತ್ತ ದೊಡ್ಡ ನಕ್ಷತ್ರದ ಕುಗ್ಗಿದ ತಿರುಳು). 1974ರ ನೊಬೆಲ್ ಅವರ ಮಾರ್ಗದರ್ಶಕರಿಗೆ ಸಿಕ್ಕಿತು, ಅವರಿಗಲ್ಲ. ಅದು ಬೇರೆಯೇ ಮಾತು. ನಾನು ಹೇಳಹೊರಟದ್ದು ಇಷ್ಟು: ಗೆಲಿಲಿಯೊ ಅವರ ಚುಕ್ಕೆಗೂ ಈ ಗೀಚಿಗೂ ಏನು ವ್ಯತ್ಯಾಸ? ಇಲ್ಲಿ ಒಬ್ಬರು ಹಿಂದಿನ ಪುಟ ತಿರುಗಿಸಿದರು. ತಿರುಗಿಸಬೇಕಾದರೆ ಪುಟ ಇರಬೇಕು, ಅದನ್ನು ಎತ್ತಿಟ್ಟಿರಬೇಕು.

ಇನ್ನು ಮೂರನೇ ಮೆಟ್ಟಿಲು, ಮಾಡಿ ನೋಡುವುದು. ಇದಕ್ಕೆ ವಿಯೆನ್ನಾದ ಆಸ್ಪತ್ರೆಯೊಂದರ ಹೆರಿಗೆ ವಾರ್ಡುಗಳನ್ನು ಬಿಟ್ಟರೆ ಬೇರೆ ಉದಾಹರಣೆ ಬೇಡ. 1840ರ ದಶಕ. ಒಂದೇ ಆಸ್ಪತ್ರೆಯಲ್ಲಿ ಎರಡು ವಾರ್ಡು. ಮೊದಲನೆಯದರಲ್ಲಿ ವೈದ್ಯರು, ವೈದ್ಯ ವಿದ್ಯಾರ್ಥಿಗಳು. ಎರಡನೆಯದರಲ್ಲಿ ಸೂಲಗಿತ್ತಿಯರು. ಬಾಣಂತಿ ಜ್ವರದಿಂದ ಸಾಯುವವರು ಮೊದಲ ವಾರ್ಡಿನಲ್ಲೇ ಬಹಳ ಜಾಸ್ತಿ. ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಯುವ ವೈದ್ಯರು ಒಂದೊಂದೇ ಕಾರಣವನ್ನು ಎತ್ತಿ ನೋಡಿದರು. ಜನ ತುಂಬಿ ಗಿಜಿಗುಡುವುದರಿಂದಲಾ? ಎರಡನೇ ವಾರ್ಡಿನಲ್ಲೇ ಗದ್ದಲ ಜಾಸ್ತಿ. ಹೆರಿಗೆಯ ಭಂಗಿಯಾ? ಬದಲಾಯಿಸಿ ನೋಡಿದರು, ಸಾವು ಇಳಿಯಲಿಲ್ಲ. ಸಾಯುವವರಿಗೆ ಪ್ರಾರ್ಥನೆ ಮಾಡಲು ಪಾದ್ರಿ ಗಂಟೆ ಬಾರಿಸುತ್ತಾ ಮೊದಲ ವಾರ್ಡಿನ ನಡುವೆ ಹೋಗುತ್ತಾರೆ, ಆ ಭಯಕ್ಕಾ? ಗಂಟೆ ಇಲ್ಲದೆ ಬೇರೆ ದಾರಿಯಲ್ಲಿ ಹೋಗಿ ಅಂತ ಪಾದ್ರಿಯನ್ನು ಒಪ್ಪಿಸಿದರು. ಏನೂ ಬದಲಾಗಲಿಲ್ಲ.

1847ರಲ್ಲಿ ಅವರ ಸಹೋದ್ಯೋಗಿಯೊಬ್ಬರು ಶವ ಪರೀಕ್ಷೆಯ ಹೊತ್ತಿನಲ್ಲಿ ಚಾಕು ತಾಗಿ ಗಾಯವಾಗಿ ತೀರಿಕೊಂಡರು. ದೇಹದಲ್ಲಿ ಕಂಡ ಲಕ್ಷಣಗಳು ಬಾಣಂತಿಯರದ್ದೇ. ಆಗ ಹೊಳೆಯಿತು: ವೈದ್ಯರು ಶವಾಗಾರದಿಂದ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಾರೆ, ಸೂಲಗಿತ್ತಿಯರು ಶವ ಮುಟ್ಟುವುದಿಲ್ಲ. ಮೇ ತಿಂಗಳಲ್ಲಿ ಎಲ್ಲರೂ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಬೇಕು ಅಂತ ನಿಯಮ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ 2ರ ಆಸುಪಾಸಿಗೆ ಇಳಿಯಿತು. ರೋಗಾಣು ಎಂಬ ಪದ ಅವರಿಗೆ ಗೊತ್ತಿರಲಿಲ್ಲ. ಯಾಕೆ ಅಂತ ವಿವರಿಸಲು ಆಗಲಿಲ್ಲ, ಹಾಗಾಗಿ ಬಹಳ ಮಂದಿ ವೈದ್ಯರು ನಂಬಲೂ ಇಲ್ಲ. ನೋಟ ಗೆದ್ದರೂ ಮನುಷ್ಯರು ಸೋಲಿಸಬಹುದು. ಸೆಮ್ಮೆಲ್‌ವೈಸ್ ಕಥೆಯ ಕೊನೆ ಚೆನ್ನಾಗಿಲ್ಲ, ಇಲ್ಲಿ ಬೇಡ.

ನಡುವೆ ಒಂದು ಮಾತು, ಯಾಕೆಂದರೆ ನೋಟದ ಬಗ್ಗೆ ಬರೆದಾಗಲೆಲ್ಲ ಯಾರಾದರೂ ಕೇಳಿಯೇ ಕೇಳುತ್ತಾರೆ. ಕ್ವಾಂಟಮ್ ಭೌತಶಾಸ್ತ್ರದಲ್ಲಿ ನೋಡಿದರೆ ವಸ್ತು ಬದಲಾಗುತ್ತದೆ, ಹಾಗಾಗಿ ಮನಸ್ಸೇ ಪ್ರಪಂಚವನ್ನು ಸೃಷ್ಟಿಸುತ್ತದೆ, ಅಲ್ವಾ? ಅಲ್ಲ. ಅಲ್ಲಿ ನೋಡುವುದು ಅಂದರೆ ಅಳೆಯುವುದು. ಎಲೆಕ್ಟ್ರಾನನ್ನು ಅಳೆಯಬೇಕಾದರೆ ಯಾವುದಾದರೂ ಉಪಕರಣ ಅದರೊಡನೆ ತಾಕಲಾಡಲೇಬೇಕು. ರೂಮಿನಲ್ಲಿ ಯಾರೂ ಇಲ್ಲದೆ ಯಂತ್ರವೇ ಅಳೆದರೂ ಫಲಿತಾಂಶ ಅದೇ. ಅಳತೆಯಲ್ಲಿ ನಿಜವಾಗಿ ಏನಾಗುತ್ತದೆ ಅನ್ನುವ ಬಗ್ಗೆ ಭೌತವಿಜ್ಞಾನಿಗಳಲ್ಲಿ ಇನ್ನೂ ವಾದ ಇದೆ. ಅದನ್ನು ಹಿಡಿದು ಮನಸ್ಸಿನ ಮಹಿಮೆ ಮಾರುವವರನ್ನು ಮಾತ್ರ ದೂರ ಇಡಿ.

ಕೊನೆಯದಾಗಿ, ಮಕ್ಕಳಿಗೆ ಕಲಿಸಲು ಬರುತ್ತದಾ? ಬರುತ್ತದೆ. "ಗಮನ ಇಟ್ಟು ನೋಡು" ಅಂತ ಹೇಳಿದರೆ ಮಾತ್ರ ಬರುವುದಿಲ್ಲ. ನಾನು ಹೊಸ ತರಗತಿಯಲ್ಲಿ ಮೊದಲ ದಿನ ಒಂದು ಹಾಳೆ ಕೊಟ್ಟು ಸೈಕಲ್ ಚಿತ್ರ ಬರೆಯಿರಿ ಅನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಐದು ನಿಮಿಷದ ಮೇಲೆ ಹಾಳೆ ನೋಡಿದರೆ ಚೈನು ಎರಡೂ ಚಕ್ರಕ್ಕೆ ಸುತ್ತಿರುತ್ತಿತ್ತು, ಪೆಡಲ್ ಮುಂದಿನ ಚಕ್ರದಲ್ಲಿರುತ್ತಿತ್ತು. ಹಾಗೆ ಬರೆದವರಲ್ಲಿ ಕೆಲವರು ಅದೇ ದಿನ ಸೈಕಲ್ ತುಳಿದುಕೊಂಡು ಬಂದವರು! ಸಾವಿರ ಸಲ ಕಂಡಿದ್ದಾರೆ, ಒಂದು ಸಲ ನೋಡಿಲ್ಲ. ಚೈನು ಮುಂದಿನ ಚಕ್ರಕ್ಕೂ ಸುತ್ತಿದ್ದರೆ ಹ್ಯಾಂಡಲ್ ತಿರುಗಿಸುವುದು ಹೇಗೆ ಅಂತ ಕೇಳಿದ ಮೇಲೆ ಯಾರೂ ಮತ್ತೆ ತಪ್ಪುತ್ತಿರಲಿಲ್ಲ. ಕೈಯಲ್ಲಿ ಪೆನ್ಸಿಲ್ ಇದ್ದರೆ ಕಣ್ಣಿಗೆ ಕೆಲಸ ಸಿಗುತ್ತದೆ.

ಮಗಳಿಗೆ ನಾನು ಹೇಳುವುದು ಚಂದ್ರನನ್ನು. ಚಂದ್ರ ಕರಗುವುದು ಭೂಮಿಯ ನೆರಳು ಬಿದ್ದು ಅಂತ ಬಹಳ ಜನ ನಂಬಿದ್ದಾರೆ, ದೊಡ್ಡವರೂ. ಅಮಾವಾಸ್ಯೆ ಕಳೆದು ಸುಮಾರು ಒಂದು ವಾರಕ್ಕೆ, ಬಿಸಿಲಿರುವ ಸಂಜೆ ನಾಲ್ಕೂವರೆಯ ಹೊತ್ತಿಗೆ ಇಬ್ಬರೂ ಹೊರಗೆ ಬನ್ನಿ. ಅರ್ಧ ಚಂದ್ರ ಮೇಲಿರುತ್ತಾನೆ. ಸೂರ್ಯನೂ ಇರುತ್ತಾನೆ. ಸೂರ್ಯನನ್ನು ನೇರವಾಗಿ ನೋಡುವುದು ಬೇಡ. ಒಂದು ಬಿಳಿ ಚೆಂಡನ್ನು ಬಿಸಿಲಿನಲ್ಲೇ ಚಂದ್ರನ ಕಡೆಗೆ ಕೈ ಚಾಚಿ ಹಿಡಿಯಲಿ. ಚೆಂಡಿನ ಮೇಲೆ ಬಿಸಿಲು ಬಿದ್ದ ಭಾಗವೂ ಅದರ ಪಕ್ಕದ ಚಂದ್ರನ ಬೆಳಗಿದ ಭಾಗವೂ ಒಂದೇ ಆಕಾರ, ಒಂದೇ ಓರೆ. ಚೆಂಡನ್ನು ಸ್ವಲ್ಪ ಪಕ್ಕಕ್ಕೆ ಒಯ್ದರೆ ಆಕಾರ ಬದಲಾಗುತ್ತದೆ. ಆಮೇಲೆ ಕೇಳಿ, ಭೂಮಿಯ ನೆರಳು ಈಗ ಯಾವ ಕಡೆ ಬಿದ್ದಿರಬೇಕು? ಸೂರ್ಯನಿಗೆ ನೇರ ಎದುರು ದಿಕ್ಕಿಗೆ. ಚಂದ್ರ ಆ ಕಡೆ ಇಲ್ಲವೇ ಇಲ್ಲ. ನೆರಳಿನ ಕಥೆಗೆ ಅವಳ ಕೈಯಲ್ಲಿರುವ ಚೆಂಡೇ "ಇಲ್ಲ" ಅಂದುಬಿಡುತ್ತದೆ.

ಅಲ್ಲಿಂದ ಒಂದು ತಿಂಗಳು ನೋಟ್‌ಬುಕ್ ಇಡಲಿ. ಚಂದ್ರ ಕಾಣುವ ಹೊತ್ತು ಬದಲಾಗುತ್ತಾ ಹೋಗುತ್ತದೆ. ಕೆಲವು ದಿನ ಬೆಳಿಗ್ಗೆಯೇ ನೋಡಬೇಕಾಗುತ್ತದೆ. ಆದರೆ ನಿಲ್ಲುವ ಜಾಗ ಒಂದೇ ಇರಲಿ. ದಿನಾಂಕ, ಸಮಯ, ಆಕಾರ, ಯಾವ ಮರದ ಅಥವಾ ಕಟ್ಟಡದ ಮೇಲೆ ಇದ್ದ ಅನ್ನುವುದು, ಇಷ್ಟು ಸಾಕು. ಚಾಚಿದ ಕೈಯ ಮುಷ್ಟಿ ಆಕಾಶದಲ್ಲಿ ಸುಮಾರು 10 ಡಿಗ್ರಿ ಅಗಲ, ಅದೇ ಅಳತೆಗೋಲು. ಒಂದೇ ಹೊತ್ತಿಗೆ ನೋಡಿದ ಎರಡು ಪಕ್ಕಪಕ್ಕದ ದಿನಗಳನ್ನು ಹೋಲಿಸಿದರೆ ಚಂದ್ರ ಒಂದು ಮುಷ್ಟಿಗಿಂತ ಸ್ವಲ್ಪ ಜಾಸ್ತಿ ಪೂರ್ವಕ್ಕೆ ಜರುಗಿರುತ್ತಾನೆ. ಇದನ್ನು ನೀವು ಮೊದಲೇ ಹೇಳಬೇಡಿ. ತಪ್ಪು ಬರೆದರೆ ಅಳಿಸುವುದು ಬೇಡ, ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಲಿ. ಮತ್ತೆ ಒಂದು ಮಾತು ಖಂಡಿತ ಹೇಳಿ: ನಡುವೆ ಎರಡು ದಿನ ಮೋಡ ಕವಿದರೆ "ಮೋಡ" ಅಂತಲೇ ಬರೆಯಬೇಕು. ನಿನ್ನೆಯ ಲೆಕ್ಕ ನೋಡಿಕೊಂಡು ಚಂದ್ರ ಇಲ್ಲೇ ಇರಬೇಕು ಅಂತ ಚಿತ್ರ ಬರೆದಿಡುವಂತಿಲ್ಲ.